ಹೊಸ ಸುಂಕದ ಕಟ್ಟೆ

ಮೈಸೂರು ರಸ್ತೆಯ ಮಗ್ಗುಲಿನ ಬಾಪೂಜಿ ನಗರದಲ್ಲಿ ಸೂರ್ಯೋದಯಕ್ಕೆ ಮುಂಚೆ ಬಾಗಿಲು ತೆರೆಯುವವರು ಹಾಲಿನ ಅಂಗಡಿಯವರು. ಅವರ ಹಿಂದೆಯೇ ಬೇಕರಿಯವರು, ಕಾಂಡಿಮೆಂಟ್ಸ್ ಅಂಗಡಿಯವರು, ತಳ್ಳುಗಾಡಿಯ ತರಕಾರಿಯವರು ಬರುತ್ತಾರೆ. ಸ್ಯಾಟಲೈಟ್ ನಿಲ್ದಾಣದಲ್ಲಿ ರಾತ್ರಿಯ ಬಸ್ಸಿನಿಂದ ಇಳಿದವನು ಮೊದಲು ಕಾಣುವ ಬೆಂಗಳೂರು ಇವರದೇ. ಈ ಅಂಗಡಿಗಳ ಕಟ್ಟೆಯ ಮೇಲೆ ಕೆಲವು ವರ್ಷಗಳಿಂದ ಕಪ್ಪುಬಿಳುಪು ಚೌಕಗಳ ಒಂದು ಚೀಟಿಯು ಅಂಟಿಕೊಂಡಿದೆ. ಗಿರಾಕಿಯು ತನ್ನ ಫೋನನ್ನು ಅದರ ಮುಂದೆ ಹಿಡಿದರೆ ಸಾಕು, ಹಣವು ಅಂಗಡಿಯವನ ಬ್ಯಾಂಕಿನ ಖಾತೆಯನ್ನು ಸೇರುತ್ತದೆ. ಪಕ್ಕದಲ್ಲಿಟ್ಟ ಪುಟ್ಟ ಪೆಟ್ಟಿಗೆಯೊಂದು ಇಷ್ಟು ರೂಪಾಯಿ ಬಂತೆಂದು ಕೂಗಿ ಹೇಳುತ್ತದೆ. 2025ನೆಯ ಇಸವಿ ಜುಲೈ ತಿಂಗಳಲ್ಲಿ ನಮ್ಮ ನಗರದ ಅನೇಕ ಅಂಗಡಿಗಳಿಂದ ಈ ಚೀಟಿಯು ಮಾಯವಾಗಿ, ಅದರ ಸ್ಥಳದಲ್ಲಿ "ಯು.ಪಿ.ಐ. ಇಲ್ಲ, ನಗದು ಮಾತ್ರ" ಎಂಬ ಕೈಬರಹದ ಕಾಗದಗಳು ಕಾಣಿಸಿಕೊಂಡವು. ಆ ತಿಂಗಳ 23 ಮತ್ತು 24ರಂದು ಕೆಲವು ವರ್ತಕರು ಹಾಲು, ಕಾಫಿ, ಚಹಾಗಳ ಮಾರಾಟವನ್ನು ನಿಲ್ಲಿಸಿದರು. ಕೆಲವರು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ವ್ಯಾಪಾರ ಮಾಡಿದರು. 25ರಂದು ಅಂಗಡಿಗಳನ್ನೇ ಮುಚ್ಚಬೇಕೆಂದು ನಿಶ್ಚಯವಾಗಿತ್ತು.

ಇದಕ್ಕೆ ಕಾರಣವೇನೆಂಬುದು ವಾಚಕರಿಗೆ ವಿದಿತವೇ ಇದೆ. ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯವರು 2021-22ರಿಂದ 2024-25ರ ವರೆಗಿನ ಯು.ಪಿ.ಐ. ಪಾವತಿಗಳ ವಿವರಗಳನ್ನು ತರಿಸಿಕೊಂಡು, ಸರಕು ಮಾರುವವರಾದರೆ ವರ್ಷಕ್ಕೆ 40 ಲಕ್ಷ ರೂಪಾಯಿಗೂ, ಸೇವೆ ಒದಗಿಸುವವರಾದರೆ 20 ಲಕ್ಷ ರೂಪಾಯಿಗೂ ಮೀರಿ ಹಣ ಪಡೆದು ಜಿ.ಎಸ್.ಟಿ. ನೋಂದಣಿ ಮಾಡಿಸದೆ ಇದ್ದವರಿಗೆ ನೋಟೀಸುಗಳನ್ನು ಕಳುಹಿಸಿದರು. ಸುಮಾರು 9,000 ವರ್ತಕರಿಗೆ 18,000 ನೋಟೀಸುಗಳು ಹೋಗಿವೆಯೆಂದು ಮುಖ್ಯಮಂತ್ರಿಗಳಾಗಿದ್ದ ಶ್ರೀ ಸಿದ್ದರಾಮಯ್ಯನವರೇ ಹೇಳಿದರು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ರೂಪಾಯಿ ಕೇಳಿ ಕಾಗದ ಬಂದ ಸುದ್ದಿಯು ನಾಡಿನ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ತಾಜಾ ತರಕಾರಿಗೆ ಈ ದೇಶದಲ್ಲಿ ಜಿ.ಎಸ್.ಟಿ.ಯೇ ಇಲ್ಲ. ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವನು ಎಷ್ಟೇ ವ್ಯಾಪಾರ ಮಾಡಲಿ, ನೋಂದಣಿ ಮಾಡಿಸಬೇಕಾದುದೂ ಇಲ್ಲ. ಖಾತೆಗೆ ಬಂದ ಹಣವನ್ನೆಲ್ಲ ಒಟ್ಟುಗೂಡಿಸಿ, ಅದು ಯಾವ ಸರಕಿನ ಹಣವೆಂದು ಕೇಳದೆ, ನೂರಕ್ಕೆ ಹದಿನೆಂಟರಂತೆ ಲೆಕ್ಕ ಹಾಕಿದರೆ ಮಾತ್ರ ಇಂಥ ಮೊತ್ತ ಬರುತ್ತದೆ.

ತೆರಿಗೆಯನ್ನೇ ಬೇಡವೆನ್ನುವವರು ನಾವಲ್ಲ. ಪರಕೀಯರ ಆಳ್ವಿಕೆಯಲ್ಲಿ ಉಪ್ಪಿನ ಸುಂಕವನ್ನು ಮುರಿಯಲು 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲ ತೀರಕ್ಕೆ ಹೋದವರೂ, ಅಂಕೋಲೆ ಸಿದ್ದಾಪುರಗಳಲ್ಲಿ ಕರನಿರಾಕರಣೆ ಮಾಡಿ ಮನೆ ಜಮೀನುಗಳನ್ನು ಕಳೆದುಕೊಂಡ ರೈತರೂ ನಮ್ಮ ಪೂಜೆಗೆ ಪಾತ್ರರು. ಆದರೆ ಅವರ ಹೆಸರನ್ನು ಹೇಳಿಕೊಂಡು ಸ್ವಂತ ಸರಕಾರಕ್ಕೆ ಸಲ್ಲಬೇಕಾದುದನ್ನು ಸಲ್ಲಿಸದೆ ಇರುವುದು ಅವರಿಗೆ ಮಾಡುವ ಅಪಚಾರ. ಆಸ್ಪತ್ರೆಯೂ ಶಾಲೆಯೂ ನಡೆಯಬೇಕಾದರೆ ಕೊಡಬೇಕಾದವರು ಕೊಡಲೇಬೇಕು. ವರ್ಷಕ್ಕೆ ಕೋಟಿ ರೂಪಾಯಿ ತೆರಿಗೆಯುಳ್ಳ ಸರಕನ್ನು ಮಾರಿ ಬಡ ಅಂಗಡಿಯವರ ಗುಂಪಿನಲ್ಲಿ ತಲೆ ಮರೆಸಿಕೊಂಡವನ ಮೇಲೆ ನಮಗೆ ಕನಿಕರವಿಲ್ಲ. ನಮ್ಮ ತಕರಾರು ಕೇಳಿದ ರೀತಿಯ ಮೇಲೆ, ಮತ್ತು ಯಾರನ್ನು ಮೊದಲು ಕೇಳಲಾಯಿತು ಎಂಬುದರ ಮೇಲೆ.

ಈ ನಗರದ ಪಶ್ಚಿಮ ಭಾಗದವರಿಗೆ ಸುಂಕದ ಮಾತು ಹೊಸದಲ್ಲ. ಮಾಗಡಿ ರಸ್ತೆಯ ಸುಂಕದಕಟ್ಟೆಯು ತನ್ನ ಹೆಸರಿನಲ್ಲಿಯೇ ಹಳೆಯ ಕಾಲದ ವಸೂಲಿಯನ್ನು ಉಳಿಸಿಕೊಂಡಿದೆ. ಗಾಡಿಯ ಮೇಲೆ ಬಂದ ಮೂಟೆಯನ್ನು ಎಣಿಸಿ ಸುಂಕ ತೆಗೆದುಕೊಳ್ಳುವ ಕಾಲ ಅದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಆದರೂ ಆ ಸುಂಕದವನು ಮೂಟೆಯನ್ನು ಬಿಚ್ಚಿಸಿ ಒಳಗಿರುವುದು ರಾಗಿಯೋ ರೇಷ್ಮೆಯೋ ಎಂದು ನೋಡುತ್ತಿದ್ದನು. ಚಿಲ್ಲರೆ ವ್ಯಾಪಾರಕ್ಕೆ ಸಾಮಾನ್ಯವಾದ ಮಾರಾಟ ತೆರಿಗೆಯು ಬಂದುದು ಆಮೇಲೆ. ಬಾಪೂಜಿ ನಗರದಿಂದ ಹೆಚ್ಚು ದೂರವಿಲ್ಲದ ರಾಜಾಜಿನಗರಕ್ಕೆ ಯಾರ ಹೆಸರಿದೆಯೋ ಆ ಚಕ್ರವರ್ತಿ ರಾಜಗೋಪಾಲಾಚಾರ್ಯರೇ ಮದರಾಸು ಪ್ರಾಂತದ ಮುಖ್ಯಮಂತ್ರಿಗಳಾಗಿದ್ದು, ಪಾನನಿರೋಧದಿಂದ ಖಜಾನೆಗೆ ಬಿದ್ದ ನಷ್ಟವನ್ನು ತುಂಬುವುದಕ್ಕಾಗಿ 1939ರಲ್ಲಿ ಆ ತೆರಿಗೆಯನ್ನು ತಂದರು. ಬಳ್ಳಾರಿಯೂ ದಕ್ಷಿಣ ಕನ್ನಡವೂ ಆಗ ಆ ಪ್ರಾಂತದಲ್ಲಿ ಇದ್ದುದರಿಂದ ಕನ್ನಡಿಗರೂ ಅದನ್ನು ಕೊಟ್ಟವರೇ. ಆ ಕಾಯಿದೆಯಲ್ಲಿ ವರ್ಷಕ್ಕೆ 10,000 ರೂಪಾಯಿಯೊಳಗಿನ ವಹಿವಾಟಿಗೆ ತೆರಿಗೆ ಇರಲಿಲ್ಲ. 20,000ದ ವರೆಗಿನ ಅಂಗಡಿಗೆ ತಿಂಗಳಿಗೆ ಐದು ರೂಪಾಯಿ ಎಂದು ಗೊತ್ತುಮಾಡಿದ್ದರು. ಅದಕ್ಕೆ ಮೇಲ್ಪಟ್ಟವರಿಗೆ ನೂರಕ್ಕೆ ಅರ್ಧ ರೂಪಾಯಿ. ಲೆಕ್ಕ ಬರೆಯಲು ಗುಮಾಸ್ತನನ್ನು ಇಟ್ಟುಕೊಳ್ಳಲಾರದವನು ಐದು ರೂಪಾಯಿ ಕೊಟ್ಟು ನೆಮ್ಮದಿಯಿಂದ ಇರಬಹುದಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಮಾರಾಟ ತೆರಿಗೆಯ ಕಾಯಿದೆಯು 1948ರಲ್ಲಿ ಬಂತು.

ಅಂದಿನಿಂದಲೂ ಸರಕಾರಗಳನ್ನು ಕಾಡಿದ ಪ್ರಶ್ನೆ ಒಂದೇ: ಮಾರುವವನು ಒಂದು ರಾಜ್ಯದಲ್ಲಿ, ಕೊಳ್ಳುವವನು ಮತ್ತೊಂದು ರಾಜ್ಯದಲ್ಲಿ ಇದ್ದರೆ ತೆರಿಗೆಯು ಯಾರಿಗೆ ಸಲ್ಲತಕ್ಕುದು? ಸರಕು ತಲಪಿದ ರಾಜ್ಯಕ್ಕೆ ಸಲ್ಲಬಹುದೆಂದು ಸರ್ವೋಚ್ಚ ನ್ಯಾಯಾಲಯವು 1953ರಲ್ಲಿ ಹೇಳಿತು. ಎರಡೇ ವರ್ಷಗಳ ಅನಂತರ, ಬಿಹಾರದಲ್ಲಿ ಅಂಗಡಿಯಾಗಲಿ ಕಚೇರಿಯಾಗಲಿ ಇಲ್ಲದ ಬಂಗಾಳದ ಔಷಧದ ಕಂಪನಿಯೊಂದನ್ನು ಬಿಹಾರ ಸರಕಾರದವರು ತೆರಿಗೆ ಕೇಳಿದ ಮೊಕದ್ದಮೆಯಲ್ಲಿ, ಹಾಗೆ ಕೇಳಕೂಡದೆಂದು ಅದೇ ನ್ಯಾಯಾಲಯವು ತೀರ್ಮಾನವನ್ನು ತಿರುಗಿಸಿತು. 1956ರಲ್ಲಿ ಸಂವಿಧಾನವನ್ನೇ ತಿದ್ದಿ ಕೇಂದ್ರ ಮಾರಾಟ ತೆರಿಗೆಯ ಕಾಯಿದೆಯನ್ನು ಮಾಡಬೇಕಾಯಿತು. ಅಂಚೆಯ ಮೂಲಕ ಔಷಧ ತರಿಸುತ್ತಿದ್ದ ಕಾಲದ ಈ ವ್ಯಾಜ್ಯವನ್ನು ನೆನೆದರೆ, ಅಂತರ್ಜಾಲದ ವ್ಯಾಪಾರವು ಯಾವುದೋ ಕಂಡರಿಯದ ಸಮಸ್ಯೆಯನ್ನು ತಂದಿತೆಂದು ಹೇಳುವವರ ಮಾತನ್ನು ಅಷ್ಟಾಗಿ ನಂಬಬೇಕಾಗಿಲ್ಲ.

ಆ ಹಳೆಯ ವ್ಯಾಜ್ಯವೇ ಹೊಸ ವೇಷದಲ್ಲಿ ನಮ್ಮ ಊರಿಗೆ 2014ರಲ್ಲಿ ಬಂತು. ಅಮೆಜಾನ್ ಕಂಪನಿಯವರು ಬೇರೆ ಬೇರೆ ವರ್ತಕರ ಸರಕನ್ನು ತಮ್ಮ ಉಗ್ರಾಣದಲ್ಲಿ ಇಟ್ಟುಕೊಂಡು ಗಿರಾಕಿಗಳಿಗೆ ಕಳುಹಿಸುತ್ತಿದ್ದರು. ಸರಕನ್ನು ಇಟ್ಟುಕೊಂಡು ಕಳುಹಿಸುವವನು ದಲಾಲಿಯ ವರ್ತಕನೇ, ಅವನು ರಾಜ್ಯಕ್ಕೆ ಮೌಲ್ಯವರ್ಧಿತ ತೆರಿಗೆಯನ್ನು ಕೊಡತಕ್ಕುದೆಂದು ನಮ್ಮ ತೆರಿಗೆ ಇಲಾಖೆಯವರ ವಾದ. ತಾವು ಸೇವೆ ಮಾಡುವವರೇ ಹೊರತು ಮಾರುವವರಲ್ಲವೆಂದು ಕಂಪನಿಯವರ ವಾದ. ಈ ಇಬ್ಬರ ನಡುವೆ ಪೆಟ್ಟು ತಿಂದವರು ಯಾರು? ಆ ಉಗ್ರಾಣವನ್ನು ನಂಬಿಕೊಂಡಿದ್ದ ನೂರಕ್ಕೂ ಮೇಲ್ಪಟ್ಟ ಸಣ್ಣ ವರ್ತಕರು. ಅವರ ಲೈಸೆನ್ಸುಗಳು ರದ್ದಾದವು, ಸರಕು ಒಳಗೆ ಉಳಿಯಿತು. ಅದೇ ಸುಮಾರಿಗೆ ಕೇರಳದವರು ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಕಂಪನಿಯ ಮೇಲೆ 47 ಕೋಟಿ ರೂಪಾಯಿಗೆ ಮೀರಿದ ದಂಡವನ್ನು ಹಾಕಿದರು. 2015ರಲ್ಲಿ ಅಲ್ಲಿಯ ಹೈಕೋರ್ಟು ಅದನ್ನು ವಜಾ ಮಾಡಿತು. ಉತ್ತರಾಖಂಡ, ಗುಜರಾತ್, ಅಸ್ಸಾಂ ಮೊದಲಾದ ರಾಜ್ಯಗಳವರು ಅಂತರ್ಜಾಲದಲ್ಲಿ ಕೊಂಡು ಹೊರಗಿನಿಂದ ತರಿಸಿದ ವಸ್ತುವಿನ ಮೇಲೆ ಪ್ರವೇಶ ತೆರಿಗೆಯನ್ನು ಹೂಡಿದರು. ನಮ್ಮ ರಾಜ್ಯದಲ್ಲಿ ಪಟ್ಟಣದ ಬಾಗಿಲಲ್ಲಿ ಕೀಳುತ್ತಿದ್ದ ಆಕ್ಟ್ರಾಯ್ 1979ರಲ್ಲಿಯೇ ಹೋಗಿತ್ತು. ಮೂವತ್ತಾರು ವರ್ಷಗಳ ಅನಂತರ ಬೇರೆಡೆಗಳಲ್ಲಿ ಅದರ ದಾಯಾದಿಯನ್ನು ಕಟ್ಟೆಯ ಮೇಲೆ ಮತ್ತೆ ಕೂರಿಸಿದಂತಾಯಿತು.

2017ನೆಯ ಜುಲೈ 1ರಿಂದ ಜಿ.ಎಸ್.ಟಿ. ಬಂದ ಮೇಲೆ ಈ ಗಲಭೆಯೆಲ್ಲ ಅಡಗಿತು. ಸರಕು ಯಾವ ರಾಜ್ಯದಲ್ಲಿ ಬಳಕೆಯಾಗುವುದೋ ಆ ರಾಜ್ಯಕ್ಕೆ ತೆರಿಗೆಯ ಪಾಲು ಎಂದು ನಿಯಮವಾಯಿತು. ಬಾಪೂಜಿ ನಗರದ ಮನೆಯೊಂದರವರು ಹರಿಯಾಣದ ಉಗ್ರಾಣದಿಂದ ಮಿಕ್ಸರ್ ತರಿಸಿದರೂ ಅದರ ತೆರಿಗೆಯಲ್ಲಿ ರಾಜ್ಯದ ಪಾಲು ಕರ್ನಾಟಕಕ್ಕೇ ಬರುತ್ತದೆ. ಅಂತರ್ಜಾಲದ ಮಾರುಕಟ್ಟೆಗಳನ್ನು ನಡೆಸುವ ಕಂಪನಿಗಳು ತಮ್ಮ ಮೂಲಕ ಮಾರುವ ವರ್ತಕರಿಂದ ಸ್ವಲ್ಪ ಭಾಗವನ್ನು ಮುಂಚಿತವಾಗಿಯೇ ಹಿಡಿದು ಸರಕಾರಕ್ಕೆ ಕಟ್ಟಬೇಕೆಂದು 2018ರ ಅಕ್ಟೋಬರಿನಿಂದ ಕಟ್ಟಳೆಯಿದೆ. ಮೊದಲು ನೂರಕ್ಕೆ ಒಂದಾಗಿದ್ದುದು 2024ರ ಜುಲೈ 10ರಿಂದ ಅರ್ಧಕ್ಕೆ ಇಳಿಯಿತು. ಈ ದೊಡ್ಡ ಕಂಪನಿಗಳು ತೆರಿಗೆ ತಪ್ಪಿಸುತ್ತಿವೆಯೆಂದು ನಾವು ಹೇಳುವುದಿಲ್ಲ. ಹೇಳಬೇಕಾದುದು ಬೇರೆ. ಹತ್ತು ನಿಮಿಷಗಳಲ್ಲಿ ಹಾಲು ಬಿಸ್ಕತ್ತುಗಳನ್ನು ಮನೆಗೆ ತಲಪಿಸುವ ಉಗ್ರಾಣವು ಬಂದು ಬೀದಿಯ ಅಂಗಡಿಯು ಮುಚ್ಚಿಹೋದರೆ ರಾಜ್ಯದ ಖಜಾನೆಗೆ ಒಂದು ಕಾಸೂ ನಷ್ಟವಿಲ್ಲ. ಲೆಕ್ಕವು ಇನ್ನಷ್ಟು ಚೊಕ್ಕಟವಾಗಿ ಬರುವುದರಿಂದ ಇಲಾಖೆಗೆ ಲಾಭವೇ. ತಿಂಗಳ ಕೊನೆಯಲ್ಲಿ ಸಾಲ ಬರೆದುಕೊಳ್ಳುತ್ತಿದ್ದವನೂ, ಕೊರಿಯರ್‌ನವನು ಬಿಟ್ಟುಹೋದ ಪೊಟ್ಟಣವನ್ನು ಜೋಪಾನವಾಗಿ ಇಡುತ್ತಿದ್ದವನೂ, ಊರಿನಿಂದ ಬಂದ ಇಬ್ಬರು ಹುಡುಗರಿಗೆ ಅನ್ನ ಹಾಕಿ ಕೆಲಸ ಕಲಿಸುತ್ತಿದ್ದವನೂ ಹೋದ ನಷ್ಟವು ಯಾವ ಇಲಾಖೆಯ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಕಾಣುವುದಿಲ್ಲವೆಂತಲೇ ಪತ್ರಿಕೆಯವರು ಬರೆಯಬೇಕಾಗಿದೆ.

ಅಂತರ್ಜಾಲದ ವ್ಯಾಪಾರಕ್ಕೆ ಎರಡು ಮುಖಗಳಿವೆ. ಒಬ್ಬನು ಅಂತರ್ಜಾಲದಲ್ಲಿ ಮಾರುತ್ತಾನೆ. ಇನ್ನೊಬ್ಬನು ಕಟ್ಟೆಯ ಮೇಲೆ ಕುಳಿತೇ ಮಾರುತ್ತಾನೆ, ಹಣ ಮಾತ್ರ ಅಂತರ್ಜಾಲದಲ್ಲಿ ಬರುತ್ತದೆ. ಮೊದಲನೆಯವನ ತೆರಿಗೆಯ ದರವನ್ನು ನಿಶ್ಚಯಿಸುವ ಅಧಿಕಾರ ಈಗ ಕರ್ನಾಟಕದ ಕೈಯಲ್ಲಿ ಇಲ್ಲ. ಅದು ಜಿ.ಎಸ್.ಟಿ. ಮಂಡಳಿಯದು. ಅಲ್ಲಿ ಮತಗಳ ಮೂರರಲ್ಲಿ ಒಂದು ಪಾಲು ಕೇಂದ್ರದ್ದು, ಉಳಿದ ಎರಡು ಪಾಲು ಎಲ್ಲ ರಾಜ್ಯಗಳೂ ಹಂಚಿಕೊಳ್ಳತಕ್ಕುದು; ನಾಲ್ಕರಲ್ಲಿ ಮೂರು ಪಾಲು ಮತವಿಲ್ಲದೆ ಯಾವುದೂ ತೀರ್ಮಾನವಾಗದು. ದೇಶದಲ್ಲಿ ಮಹಾರಾಷ್ಟ್ರವನ್ನು ಬಿಟ್ಟರೆ ಹೆಚ್ಚು ಜಿ.ಎಸ್.ಟಿ. ಸಂಗ್ರಹಿಸಿಕೊಡುವ ನಮ್ಮ ರಾಜ್ಯಕ್ಕೂ ಅಲ್ಲಿರುವುದು ಸಣ್ಣ ರಾಜ್ಯಕ್ಕೆ ಇರುವಷ್ಟೇ ಮತ. ದರವನ್ನು ಏರಿಸಲಾರದ, ಇಳಿಸಲಾರದ ಸರಕಾರಕ್ಕೆ ಆದಾಯವನ್ನು ಹೆಚ್ಚಿಸಲು ಉಳಿದ ದಾರಿ ಒಂದೇ, ನೋಂದಣಿಯ ಹೊರಗಿರುವವರನ್ನು ಹುಡುಕುವುದು. ಹೀಗೆ ಹುಡುಕಹೊರಟವರಿಗೆ ಆ ಕಪ್ಪುಬಿಳುಪು ಚೀಟಿಯು ಕೈಗೆ ಸಿಕ್ಕಿತು.

ಈಗ ಲೆಕ್ಕವನ್ನು ನೋಡೋಣ. ವರ್ಷಕ್ಕೆ 40 ಲಕ್ಷ ಎಂದರೆ ಬಹಳ ದೊಡ್ಡ ಸಂಖ್ಯೆಯಂತೆ ಕೇಳಿಸುತ್ತದೆ. ದಿನಕ್ಕೆ ಭಾಗಿಸಿದರೆ ಹನ್ನೊಂದು ಸಾವಿರ ರೂಪಾಯಿಯೂ ಆಗುವುದಿಲ್ಲ. 2025ರ ಏಪ್ರಿಲಿನಲ್ಲಿ ನಂದಿನಿಯ ಟೋನ್ಡ್ ಹಾಲಿಗೆ ಲೀಟರಿಗೆ 46 ರೂಪಾಯಿ ಆಯಿತು. ಆ ಬೆಲೆಯಲ್ಲಿ ದಿನಕ್ಕೆ 240 ಲೀಟರ್ ಹಾಲು ಮಾರುವವನು ಬೇರೆ ಏನನ್ನೂ ಮಾರದೆ ಆ ಗೆರೆಯನ್ನು ದಾಟುತ್ತಾನೆ. ಹಾಲಿಗೆ ತೆರಿಗೆಯಿಲ್ಲ, ಆದರೆ ಅವನು ಹಾಲಿನ ಜೊತೆಗೆ ನಾಲ್ಕು ಪೊಟ್ಟಣ ಬಿಸ್ಕತ್ತನ್ನು ಇಟ್ಟಿದ್ದಾನೆ. ಬಿಸ್ಕತ್ತು ಇಟ್ಟ ಕ್ಷಣವೇ ಅವನು ತೆರಿಗೆಯುಳ್ಳ ಸರಕಿನ ವರ್ತಕನಾದನು. ಗೆರೆಯನ್ನು ದಾಟಿದನೋ ಇಲ್ಲವೋ ಎಂದು ನೋಡುವಾಗ ಕಾಯಿದೆಯು ತೆರಿಗೆಯಿಲ್ಲದ ಹಾಲಿನ ಹಣವನ್ನೂ ಸೇರಿಸಿಯೇ ಎಣಿಸುತ್ತದೆ. ಇದು ವಕೀಲರಿಗೆ ತಿಳಿದಿರಬಹುದು. ಬೆಳಗಿನ ನಾಲ್ಕು ಗಂಟೆಗೆ ಹಾಲಿನ ಕ್ರೇಟು ಇಳಿಸುವವನಿಗೆ ಯಾರು ಹೇಳಿದರು?

ಇದಕ್ಕಿಂತ ಕಠಿನವಾದುದು ಮತ್ತೊಂದು. ಆ ವರ್ಷಗಳಲ್ಲಿ ಬಿಸ್ಕತ್ತಿನ ಮೇಲಣ ತೆರಿಗೆಯು ನೂರಕ್ಕೆ ಹದಿನೆಂಟು. ಅಂಗಡಿಯವನು 100 ರೂಪಾಯಿಯ ಬಿಸ್ಕತ್ತನ್ನು ಸಗಟು ವರ್ತಕನಿಂದ 18 ರೂಪಾಯಿ ತೆರಿಗೆ ಕೊಟ್ಟೇ 118ಕ್ಕೆ ತರುತ್ತಾನೆ. ತೆರಿಗೆ ಸೇರಿದ ಬೆಲೆಯಾದ 130 ರೂಪಾಯಿಗೆ ಮಾರುತ್ತಾನೆಂದು ಇಟ್ಟುಕೊಳ್ಳೋಣ. ಅವನಿಗೆ ಕಾಣುವ ಲಾಭ 12 ರೂಪಾಯಿ. ಅವನು ನೋಂದಣಿ ಮಾಡಿಸಿದ್ದರೆ, ಮಾರಾಟದ ಮೇಲಿನ ತೆರಿಗೆಯಾದ 19 ರೂಪಾಯಿ 83 ಪೈಸೆಯಲ್ಲಿ ಮುಂಚೆಯೇ ಕೊಟ್ಟ 18 ರೂಪಾಯಿಯನ್ನು ಕಳೆದು, ಎರಡು ರೂಪಾಯಿಗೂ ಕಡಿಮೆ ಹಣವನ್ನು ಕಟ್ಟಿದರೆ ಸಾಕಾಗಿತ್ತು. ಸಣ್ಣ ವರ್ತಕರಿಗೆಂದು ಇರುವ ರಾಜಿ ತೆರಿಗೆಯನ್ನು ಒಪ್ಪಿಕೊಂಡಿದ್ದರೆ ನೂರಕ್ಕೆ ಒಂದರಂತೆ ಒಂದು ರೂಪಾಯಿ 30 ಪೈಸೆ. ನೋಂದಣಿ ಇಲ್ಲದೆ ಸಿಕ್ಕಿಬಿದ್ದವನಿಗೆ ಮುಂಚೆ ಕೊಟ್ಟುದನ್ನು ಕಳೆಯುವ ಹಕ್ಕೂ ಇಲ್ಲ, ರಾಜಿಯ ದರವೂ ಇಲ್ಲ. ಹತ್ತಿರ ಹತ್ತಿರ 20 ರೂಪಾಯಿಯನ್ನು ಇಡಿಯಾಗಿ ಕಟ್ಟಬೇಕು, ಮೇಲೆ ಬಡ್ಡಿ, ದಂಡ. 12 ರೂಪಾಯಿ ಸಂಪಾದಿಸಿದವನಿಂದ 20 ರೂಪಾಯಿಯನ್ನು, ಅದೂ ನಾಲ್ಕು ವರ್ಷಗಳದನ್ನು ಒಮ್ಮೆಗೇ ಕೇಳಿದರೆ ಅವನು ಎಲ್ಲಿಂದ ತಂದಾನು? ಸರಕಾರಕ್ಕೆ ನಿಜವಾಗಿ ನಷ್ಟವಾದುದು ಎರಡು ರೂಪಾಯಿ. ಕೇಳಿದ್ದು ಇಪ್ಪತ್ತು.

ಖಾತೆಗೆ ಬಂದುದೆಲ್ಲ ಮಾರಾಟದ ಹಣವೆಂಬ ಊಹೆಯಂತೂ ನಮ್ಮ ಬೀದಿಗಳನ್ನು ನೋಡದವರ ಊಹೆ. ಬಾಡಿಗೆ ಕೊಡಲು ತಮ್ಮನು ಕಳುಹಿಸಿದ ಸಾಲ, ಚೀಟಿಯ ಹಣ, ನೂರು ರೂಪಾಯಿ ಸ್ಕ್ಯಾನ್ ಮಾಡಿ ಚಿಲ್ಲರೆ ನೋಟು ಪಡೆದುಕೊಂಡು ಹೋದ ಆಟೋ ಚಾಲಕನ ಹಣ, ಇವೆಲ್ಲವೂ ಅದೇ ಖಾತೆಗೆ ಬರುತ್ತವೆ. ನಮ್ಮ ಪತ್ರಿಕೆಯ ಚಂದಾ ಹಣವೂ ಈಗೀಗ ಅರ್ಧಕ್ಕೆ ಮೇಲೆ ಇದೇ ಮಾರ್ಗದಿಂದ ಬರುತ್ತಿದೆ. ಅದರಲ್ಲಿ ಚಂದಾ ಯಾವುದು, ಜಾಹಿರಾತಿನದು ಯಾವುದು ಎಂದು ಬಿಡಿಸಲು ನಮ್ಮ ಗುಮಾಸ್ತರಿಗೆ ತಿಂಗಳಿಗೆ ಎರಡು ದಿನ ಬೇಕು. ಪತ್ರಿಕೆಯ ಮಾರಾಟಕ್ಕೆ ತೆರಿಗೆಯಿಲ್ಲ, ಜಾಹಿರಾತಿಗೆ ಇದೆ. ಗುಮಾಸ್ತರಿಲ್ಲದವರ ಗತಿಯನ್ನು ಊಹಿಸಬಹುದು.

ಈ ಚೀಟಿಯನ್ನು ಅಂಟಿಸಿಕೊಳ್ಳಿರೆಂದು ಹೇಳಿದವರು ಯಾರು ಎಂಬುದನ್ನೂ ನೆನೆಯಬೇಕು. 2016ರಲ್ಲಿ ಯು.ಪಿ.ಐ. ಬಂತು, ಆ ವರ್ಷದ ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾದವು, ನಗದನ್ನು ಬಿಡಿ, ಡಿಜಿಟಲ್ ಪಾವತಿಯೇ ದೇಶಸೇವೆ ಎಂಬ ಉಪದೇಶವನ್ನು ಕೇಳದ ಅಂಗಡಿಯವನಿಲ್ಲ. ಕೇಳಿದನು, ನಂಬಿದನು, ಅಂಟಿಸಿಕೊಂಡನು. ಅವನ ಪಕ್ಕದಲ್ಲಿ ಅಷ್ಟೇ ವ್ಯಾಪಾರವನ್ನು ನಗದಿನಲ್ಲಿ ಮಾಡುತ್ತಿದ್ದವನಿಗೆ ನೋಟೀಸು ಬರಲಿಲ್ಲ. ನೋಟೀಸುಗಳು ಬಂದ ವಾರದಲ್ಲಿ ಕೇಂದ್ರದವರು ಇದು ರಾಜ್ಯದ ಅಧಿಕಾರಿಗಳ ಕೆಲಸವೆಂದೂ, ರಾಜ್ಯದವರು ಇದು ಕೇಂದ್ರದ ಕಾಯಿದೆಯೆಂದೂ ಒಬ್ಬರ ಕಡೆಗೆ ಒಬ್ಬರು ಬೆರಳು ತೋರಿಸಿದರು. ಎರಡೂ ನಿಜ. ನಿಜವಾಗಿರುವುದರಿಂದ ಯಾರಿಗೂ ಸಮಾಧಾನವಾಗಲಿಲ್ಲ.

ಜುಲೈ 23ರಂದು ಮುಖ್ಯಮಂತ್ರಿಗಳು ವರ್ತಕರನ್ನು ಕರೆಸಿ ಮಾತನಾಡಿದರು. ತೆರಿಗೆಯಿಲ್ಲದ ಸರಕು ಮಾರುವವರಿಂದ ಏನನ್ನೂ ಕೇಳುವುದಿಲ್ಲವೆಂದೂ, ಇನ್ನು ಮುಂದೆ ನೋಂದಣಿ ಮಾಡಿಸಿ ತೆರಿಗೆ ಕೊಡುವವರಿಂದ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ ವಚನ ಕೊಟ್ಟರು. ಅಂಗಡಿ ಮುಚ್ಚುವ ನಿಶ್ಚಯವು ಹಿಂದಕ್ಕೆ ಹೋಯಿತು. ಇದು ಶ್ಲಾಘ್ಯವಾದ ನಡೆಯೆಂದು ಹೇಳಲು ನಮಗೆ ಸಂಕೋಚವಿಲ್ಲ. ಆದರೆ ಸಭೆಯಲ್ಲಿ ಕೊಟ್ಟ ವಚನವು ಕಾಯಿದೆಯ ಕಲಮಲ್ಲ. ಜಿ.ಎಸ್.ಟಿ. ಕಾಯಿದೆಯಲ್ಲಿ ಎಲ್ಲೆಡೆಯೂ ರೂಢಿಯಲ್ಲಿ ಬಿಟ್ಟುಹೋದ ತೆರಿಗೆಯನ್ನು ಮನ್ನಾ ಮಾಡಲು 11ಎ ಎಂಬ ಕಲಮನ್ನು 2024ರಲ್ಲಿ ಸೇರಿಸಿದ್ದಾರೆ. ಅದನ್ನು ಪ್ರಯೋಗಿಸಲು ಮಂಡಳಿಯ ಶಿಫಾರಸು ಬೇಕು. ಇಂದು ಮನ್ನಿಸಿದ ಅಧಿಕಾರಿಯು ನಾಳೆ ವರ್ಗವಾಗಿ ಹೋಗುತ್ತಾನೆ. ಅವನ ಕುರ್ಚಿಗೆ ಬಂದವನು ಕಡತವನ್ನು ತೆರೆಯುತ್ತಾನೆ, ವಚನವನ್ನಲ್ಲ. ಆದಕಾರಣ ಹಳೆಯ ವರ್ಷಗಳ ಬಿಡುಗಡೆಯು ಮಂಡಳಿಯ ಶಿಫಾರಸಿನೊಡನೆ ಬರಹದಲ್ಲಿ ಬರಬೇಕು. ಅದು ಸಾಧ್ಯವಾಗದೆ ಹೋದರೆ, ರಾಜಿಯ ದರವಾದ ನೂರಕ್ಕೆ ಒಂದನ್ನು ಆ ಹಳೆಯ ವರ್ಷಗಳಿಗೂ ಅನ್ವಯಿಸಲು ನಮ್ಮ ರಾಜ್ಯದ ಪ್ರತಿನಿಧಿಗಳು ಅಲ್ಲಿ ಹಟಹಿಡಿದು ಕೇಳಬೇಕು.

ಇಂಥ ಔದಾರ್ಯವು ಎಲ್ಲಿಯೂ ಇಲ್ಲದ್ದೆಂದು ಅಧಿಕಾರಿಗಳು ಹೇಳಬಹುದು. ಅಮೆರಿಕದ ಒಂದು ತೀರ್ಪನ್ನು ಅವರ ಗಮನಕ್ಕೆ ತರುತ್ತೇವೆ. ತನ್ನ ನೆಲದಲ್ಲಿ ಅಂಗಡಿಯಿಲ್ಲದ ವರ್ತಕನಿಂದ ಯಾವ ರಾಜ್ಯವೂ ಮಾರಾಟ ತೆರಿಗೆಯನ್ನು ವಸೂಲು ಮಾಡಿಸಕೂಡದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಹೇಳಿತ್ತು. 2018ರ ಜೂನ್ 21ರಂದು ದಕ್ಷಿಣ ಡಕೋಟಾ ರಾಜ್ಯಕ್ಕೂ ವೇಫೇರ್ ಕಂಪನಿಗೂ ನಡೆದ ಮೊಕದ್ದಮೆಯಲ್ಲಿ ಆ ಮಾತನ್ನು ಅದೇ ನ್ಯಾಯಾಲಯವು ತೆಗೆದುಹಾಕಿತು. ಹಾಗೆ ತೆಗೆದುಹಾಕುವಾಗ ದಕ್ಷಿಣ ಡಕೋಟಾದ ಕಾಯಿದೆಯ ಕೆಲವು ಗುಣಗಳನ್ನು ಎತ್ತಿ ಹೇಳಿತು: ವರ್ಷಕ್ಕೆ ಒಂದು ಲಕ್ಷ ಡಾಲರ್ ಅಥವಾ 200 ವ್ಯವಹಾರಗಳಿಗೆ ಕಡಿಮೆಯಿರುವ ಸಣ್ಣವನನ್ನು ಅದು ಮುಟ್ಟುವುದಿಲ್ಲ, ಹಿಂದಿನ ವರ್ಷಗಳ ತೆರಿಗೆಯನ್ನು ಕೇಳುವುದಿಲ್ಲ, ಲೆಕ್ಕ ಮಾಡುವ ಸಾಫ್ಟ್‌ವೇರನ್ನು ಸರಕಾರವೇ ತನ್ನ ಖರ್ಚಿನಿಂದ ಒದಗಿಸುತ್ತದೆ. ವ್ಯಾಪಾರವೇ ದೇವರೆಂದು ನಾವು ಹಾಸ್ಯ ಮಾಡುವ ದೇಶದಲ್ಲಿ, ಬಲಾಢ್ಯ ಕಂಪನಿಗಳ ವಿಷಯದಲ್ಲಿಯೂ ಹಳೆಯ ಬಾಕಿಯನ್ನು ಕೆದಕಲಿಲ್ಲ.

2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತಿನ ತೆರಿಗೆಯು ಹದಿನೆಂಟರಿಂದ ಐದಕ್ಕೆ ಇಳಿದಿದೆ. ನವೆಂಬರ್ 1ರಿಂದ ಸಣ್ಣವರಿಗೆ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಕೊಡುವ ಸುಲಭ ಮಾರ್ಗವೂ ಬಂದಿದೆ. ಇವು ಒಳ್ಳೆಯ ಸುಧಾರಣೆಗಳು. ನಮ್ಮ ಅಂಗಡಿಯವರು ಇನ್ನು ಮುಂದೆ ಕಾಯಿದೆ ತಿಳಿಯದೆಂದು ಹೇಳಿ ನುಣುಚಿಕೊಳ್ಳುವುದು ಸರಿಯಲ್ಲ.

ಅಂತರ್ಜಾಲದಲ್ಲಿಯೇ ಮಾರುವ ಸಣ್ಣವರ ವಿಷಯವನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಮನೆಯಲ್ಲಿ ಚಕ್ಕುಲಿ ಕೋಡುಬಳೆ ಮಾಡಿ ಮಾರುವ ಗೃಹಿಣಿಯು ಹಿಂದೆ ಅಂತರ್ಜಾಲದ ಮಾರುಕಟ್ಟೆಯಲ್ಲಿ ಒಂದೇ ಪೊಟ್ಟಣವನ್ನು ಮಾರಿದರೂ ನೋಂದಣಿ ಮಾಡಿಸಬೇಕಾಗಿತ್ತು. 2023ರ ಅಕ್ಟೋಬರ್ 1ರಿಂದ, ರಾಜ್ಯದೊಳಗೆ ಮಾರುವವರಿಗೆ ಮಿತಿಯ ವರೆಗೆ ಆ ಕಷ್ಟ ತಪ್ಪಿತು. ರಾಜ್ಯದ ಗಡಿ ದಾಟಿದರೆ ಹಳೆಯ ಕಟ್ಟಳೆಯೇ. ಬಾಪೂಜಿ ನಗರದಿಂದ ಬೀದರಿಗೆ ಚಕ್ಕುಲಿ ಕಳುಹಿಸಲು ನೋಂದಣಿ ಬೇಡ; ಹೊಸೂರಿಗೆ ಕಳುಹಿಸಲು ಬೇಕು. ಪುತ್ತೂರಿನವಳು ಕಾಸರಗೋಡಿನ ಅಕ್ಕನ ಊರಿನ ಗಿರಾಕಿಗಳಿಗೆ ಕಳುಹಿಸಬೇಕಾದರೂ ಬೇಕು. ಕನ್ನಡಿಗರ ಮನೆಗಳು ಗಡಿಯ ಎರಡು ಕಡೆಗಳಲ್ಲಿಯೂ ಇವೆಯೆಂಬುದನ್ನು ರಾಜ್ಯ ಪುನರ್ವಿಂಗಡಣೆಯವರು ಮರೆತರು; ತೆರಿಗೆಯ ಕಾಯಿದೆ ಮಾಡಿದವರೂ ಮರೆತರು. ಸೇವೆ ಒದಗಿಸುವವನು ದೇಶದ ಯಾವ ಮೂಲೆಗೆ ಒದಗಿಸಿದರೂ 20 ಲಕ್ಷದ ವರೆಗೆ ನೋಂದಣಿ ಬೇಡವೆಂದಿರುವಾಗ, ಚಕ್ಕುಲಿಯವಳಿಗೆ ಆ ಸೌಕರ್ಯವನ್ನು ಏಕೆ ಕೊಡಬಾರದು? ಒಂದೇ ದೇಶ, ಒಂದೇ ಮಾರುಕಟ್ಟೆ ಎಂಬ ಘೋಷಣೆಯು ಮೊದಲು ಅವಳಿಗೆ ನಿಜವಾಗಲಿ.

ರಾಜ್ಯ ಸರಕಾರವು ತಾನಾಗಿಯೇ ಅಂತರ್ಜಾಲದ ದೊಡ್ಡ ಕಂಪನಿಗಳಿಂದ ಕೇಳಿದ ಹಣ ಒಂದುಂಟು. 2025ರ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯಿದೆಯ ಪ್ರಕಾರ, ಮನೆಮನೆಗೆ ಪೊಟ್ಟಣ ಒಯ್ಯುವ ಹುಡುಗರಿಗೆ ಕೊಡುವ ಕೂಲಿಯ ಮೇಲೆ ನೂರಕ್ಕೆ ಒಂದರಿಂದ ಐದರ ವರೆಗೆ ಕ್ಷೇಮನಿಧಿಯ ಶುಲ್ಕವನ್ನು ಕಂಪನಿಗಳಿಂದ ತೆಗೆದುಕೊಳ್ಳಬಹುದು. ಅಂಗಡಿಯವನಿಂದ ನಾಲ್ಕು ವರ್ಷಗಳ ಹಿಂದಿನದನ್ನು ಕೇಳಲು ತೋರಿಸಿದ ಚುರುಕನ್ನು ಈ ಶುಲ್ಕದ ವಸೂಲಿಯಲ್ಲಿಯೂ ತೋರಿಸುವರೆಂದು ಆಶಿಸುತ್ತೇವೆ.

ಇಲಾಖೆಯವರು ಸಹಾಯವಾಣಿಯನ್ನು ತೆರೆದರು, ತಿಳಿವಳಿಕೆಯ ಸಭೆಗಳನ್ನು ನಡೆಸಿದರು. ನೋಟೀಸಿಗೆ ಮುಂಚೆ ಆಗಬೇಕಾದುದು ನೋಟೀಸಿನ ಅನಂತರ ಆಯಿತು, ಆದರೂ ಆಯಿತು. ಅವರಲ್ಲಿ ನಮ್ಮದೊಂದು ಬಿನ್ನಹವಿದೆ. ಮುಂದಿನ ಸಭೆಯನ್ನು ಕೋರಮಂಗಲದ ಕಚೇರಿಯಲ್ಲಿ ಮಾಡದೆ ಬಾಪೂಜಿ ನಗರಕ್ಕೆ ಬರಲಿ. ಹನ್ನೊಂದು ಗಂಟೆಗೆ ಬೇಡ, ಆ ಹೊತ್ತು ಬೇಕರಿಯ ಒಲೆಯ ಹೊತ್ತು; ಮಧ್ಯಾಹ್ನ ಮೂರಕ್ಕೆ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆ. ಬರುವಾಗ ಒಂದೇ ಒಂದು ಹಾಳೆಯನ್ನು ಅಚ್ಚು ಹಾಕಿಸಿ ತರಲಿ: ಯಾವ ಸರಕಿಗೆ ತೆರಿಗೆಯಿಲ್ಲ, ಯಾವುದಕ್ಕೆ ಎಷ್ಟು, ರಾಜಿಯ ದರವೇನು, ಎಷ್ಟು ದಾಟಿದರೆ ಯಾರ ಹತ್ತಿರ ಹೋಗಬೇಕು. ಕನ್ನಡದಲ್ಲಿರಲಿ, ಅಕ್ಷರಗಳು ದೊಡ್ಡವಾಗಿರಲಿ. ಆ ಕಪ್ಪುಬಿಳುಪು ಚೀಟಿಯ ಪಕ್ಕದಲ್ಲಿ ಅಂಟಿಸಿಕೊಳ್ಳಲು ಕಟ್ಟೆಯ ಮೇಲೆ ಇನ್ನೂ ಜಾಗವಿದೆ.